ಉರುಳಿಸಿದ್ದೆಷ್ಟು, ಉರುಳಿದ್ದೆಷ್ಟು?

1940ರ ಸೆಪ್ಟೆಂಬರ್ 15ರಂದು ಜರ್ಮನಿಯ 185 ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಘೋಷಿಸಿತು. ಯುದ್ಧಾನಂತರ ಜರ್ಮನ್ ದಾಖಲೆಗಳನ್ನು ಪರಿಶೀಲಿಸಿದಾಗ ಸಿಕ್ಕ ಸಂಖ್ಯೆ 60ರ ಆಸುಪಾಸು. ಹಾಗಾದರೆ ಪೈಲಟ್‌ಗಳು ಸುಳ್ಳು ಹೇಳಿದರೇ? ಅವಸರದ ತೀರ್ಮಾನ ಬೇಡ. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿ, ಅದು ಬೀಳುವುದನ್ನು ಕಂಡರೆ, ಮೂವರೂ ಪ್ರಾಮಾಣಿಕವಾಗಿಯೇ ಒಂದೊಂದು ಬರೆಸುತ್ತಾರೆ. ಹೊಗೆಯುಗುಳುತ್ತ ಮೋಡದೊಳಕ್ಕೆ ಧುಮುಕಿದ ವಿಮಾನ ನೆಲಕ್ಕಪ್ಪಳಿಸಿತೋ ನೆಲೆ ಸೇರಿತೋ ಎಂದು ನೋಡುತ್ತ ಕೂರಲು ಅಲ್ಲಿ ಪುರುಸೊತ್ತಾದರೂ ಎಲ್ಲಿ!

ಈ ಗೋಜಲನ್ನು ಬಿಡಿಸಲು ಯತ್ನಿಸಿದ ಮುಖ್ಯ ಗ್ರಂಥ, ಕ್ರಿಸ್ಟೋಫರ್ ಶೋರ್ಸ್ ಮತ್ತು ಹಾನ್ಸ್ ರಿಂಗ್ 1969ರಲ್ಲಿ ಪ್ರಕಟಿಸಿದ ‘ಫೈಟರ್ಸ್ ಓವರ್ ದ ಡೆಸರ್ಟ್’. ಉತ್ತರ ಆಫ್ರಿಕದ ಮರುಭೂಮಿಯ ಮೇಲೆ 1940ರ ಜೂನ್‌ನಿಂದ 1942ರ ಡಿಸೆಂಬರ್‌ವರೆಗೆ ನಡೆದ ವಾಯುಸಮರ ಅದರ ವಸ್ತು. ಒಂದು ಪಕ್ಷದ ಹೇಳಿಕೆಯನ್ನು ಎದುರು ಪಕ್ಷದ ನಷ್ಟದ ಪಕ್ಕದಲ್ಲಿ, ದಿನದಿನದ ಲೆಕ್ಕದಂತೆ, ಇಟ್ಟು ನೋಡುವುದು ಅದರ ವಿಧಾನ. ಸರಳವೆನಿಸುತ್ತದೆ, ಅಲ್ಲವೇ? ಆದರೆ ಎರಡು ಕಡೆಯ ಅಳತೆಗೋಲುಗಳೇ ಬೇರೆ. ಜರ್ಮನರು ಹಾನಿಯನ್ನು ಶೇಕಡದಲ್ಲಿ ಬರೆಯುತ್ತಿದ್ದರು. ಶೇಕಡ 60 ಮತ್ತು ಅದಕ್ಕೆ ಮೇಲ್ಪಟ್ಟದ್ದು ಸಾಮಾನ್ಯವಾಗಿ ಪೂರ್ಣ ನಷ್ಟ. ಬ್ರಿಟಿಷರದ್ದು ದುರಸ್ತಿ ಸಾಧ್ಯವೇ ಎಂಬುದನ್ನು ಆಧರಿಸಿದ ವರ್ಗೀಕರಣ. ಸಾಲದೆಂಬಂತೆ, ಹರಿಕೇನ್ ವಿಮಾನವನ್ನು ಕಂಡು ಕರ್ಟಿಸ್ ಎಂದು ಬರೆಸಿದವರೂ ಇದ್ದರು.

ಇಷ್ಟು ಕಷ್ಟದ ಸಾಮಗ್ರಿಯನ್ನು ಒಂದೆಡೆ ತಂದ ಲೇಖಕರ ಶ್ರಮ ದೊಡ್ಡದು. ನನ್ನ ತಕರಾರು ಬೇರೆ. ಅಕ್ಕಪಕ್ಕದಲ್ಲಿ ಅಚ್ಚಾದ ಹೇಳಿಕೆ ಮತ್ತು ನಷ್ಟ, ‘ಇವನೇ ಅದನ್ನು ಉರುಳಿಸಿದ’ ಎಂಬ ಭಾವನೆಯನ್ನು ಓದುಗನಲ್ಲಿ ತಾನಾಗಿ ಮೂಡಿಸುತ್ತದೆ. ಪ್ರತಿ ನಮೂದಿಗೂ ಆಕರ ಕೊಡದಿರುವುದರಿಂದ, ದಾಖಲೆ ಹೇಳಿದ್ದು ಯಾವುದು, ಲೇಖಕರು ಊಹಿಸಿದ್ದು ಯಾವುದು ಎಂದು ಬೇರ್ಪಡಿಸಲಾಗದು. ಒಂದು ಕಾಳಗದಲ್ಲಿ ಆರು ಹೇಳಿಕೆ, ಎರಡು ನಷ್ಟ ಎಂದಿಟ್ಟುಕೊಳ್ಳಿ. ಆರರಲ್ಲಿ ಯಾವ ಎರಡು ನಿಜ? 15 ಸಾಧ್ಯತೆಗಳಿವೆ, ನೀವೇ ಎಣಿಸಿ ನೋಡಿ. ಅದೂ ಎರಡೂ ವಿಮಾನಗಳು ಶತ್ರುವಿನ ಗುಂಡಿಗೇ ಬಿದ್ದವೆಂದು ಒಪ್ಪಿಕೊಂಡರೆ.

ಹಾಗೆ ಒಪ್ಪುವಂತೆಯೂ ಇಲ್ಲ. ಜರ್ಮನಿಯ ಹಾನ್ಸ್-ಯೋಆಖಿಮ್ ಮಾರ್ಸೇಯ್ ಹೆಸರಿನಲ್ಲಿ 158 ವಿಮಾನಗಳಿವೆ, 151 ಮರುಭೂಮಿಯವು. 1942ರ ಸೆಪ್ಟೆಂಬರ್ 1ರಂದೇ 17. ಅದೇ ತಿಂಗಳ 30ರಂದು ಆತನ ಮೆಸ್ಸರ್‌ಶ್ಮಿಟ್ 109ರ ಎಂಜಿನ್ ಕೆಟ್ಟು ಕಾಕ್‌ಪಿಟ್ ಹೊಗೆಯಿಂದ ತುಂಬಿತು. ಹಾರಿಕೊಂಡಾಗ ದೇಹ ವಿಮಾನದ ಬಾಲಕ್ಕೆ ಬಡಿಯಿತು, ಪ್ಯಾರಾಚೂಟ್ ಬಿಚ್ಚಲಿಲ್ಲ. ಶತ್ರು ಗುಂಡು ಹಾರಿಸಿರಲೇ ಇಲ್ಲ. ಈ ವಿವರ ಕಳೆದುಹೋಗಿ, ನಷ್ಟದ ಒಂದು ಸಾಲು ಮಾತ್ರ ಉಳಿದಿದ್ದರೆ? ಅದೇ ದಿನ, ಅದೇ ಪ್ರದೇಶದಲ್ಲಿ ಯಾವನಾದರೂ ಬ್ರಿಟಿಷ್ ಪೈಲಟ್ ಒಂದು ಹೇಳಿಕೆ ಬರೆಸಿದ್ದರೆ, ಎರಡನ್ನೂ ಸಲೀಸಾಗಿ ಜೋಡಿಸಿಬಿಡುತ್ತಿದ್ದೆವು.