ಬರೀ ಮನಸ್ಸಿನ ಕಾಯಿಲೆಯಂತೆ!

ಪತ್ರಿಕೆ, ಟೀವಿಯವರ ಗೋಳಿನಿಂದಲೇ ಆರ್ಥಿಕತೆ ಹಾಳಾಗುತ್ತೆ ಅನ್ನೋ ವಾದ ಕೇಳಿದಾಗಲೆಲ್ಲ ನನಗೆ ಅಮೆರಿಕದ ಫಿಲ್ ಗ್ರಾಮ್ ನೆನಪಾಗ್ತಾರೆ. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮೆಕೇನ್‌ಗೆ ಆರ್ಥಿಕ ಸಲಹೆಗಾರರಾಗಿದ್ದ ಇವರು 2008ರ ಜುಲೈನಲ್ಲಿ, ಇದು ಬರೀ ಮಾನಸಿಕ ಹಿಂಜರಿತ, ನಮ್ಮದು ಗೊಣಗೋ ದೇಶವಾಗಿಬಿಟ್ಟಿದೆ ಅಂದಿದ್ದರು. ಪೇಪರಿನಲ್ಲಿ ಓದಿದಷ್ಟು ಕೆಟ್ಟಿಲ್ಲವಂತೆ! ಅದೇ ಡಿಸೆಂಬರಿನಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರ ಸಮಿತಿ ಲೆಕ್ಕ ಕೊಟ್ಟಿತು: ಹಿಂಜರಿತ ಶುರುವಾಗಿದ್ದು 2007ರ ಡಿಸೆಂಬರಿನಲ್ಲೇ.

ಭಯಕ್ಕೆ ಶಕ್ತಿಯೇ ಇಲ್ಲ ಅಂತ ನಾನು ಹೇಳಲ್ಲ. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ತುರ್ತು ನೆರವು ಕೇಳಿದೆ ಎಂದು 2007ರ ಸೆಪ್ಟೆಂಬರಿನಲ್ಲಿ ಬಿಬಿಸಿ ಹೇಳಿದ ಮರುದಿನವೇ ದುಡ್ಡು ತೆಗೆಯೋಕೆ ಜನ ಕ್ಯೂ ನಿಂತರು. ಕ್ಯೂ ನಿಲ್ಲಿಸಿದ್ದು ಸುದ್ದಿಯೇ, ಒಪ್ಪಿದೆ. ಆದರೆ ಆ ಬ್ಯಾಂಕಿಗೆ ಪೇಟೆಯಲ್ಲಿ ಸಾಲ ಹುಟ್ಟದಂತಾಗಿದ್ದು ಆಗಸ್ಟಿನಲ್ಲೇ. ಆಗ ಯಾರೂ ಗೊಣಗಿರಲಿಲ್ಲವಲ್ಲ, ನನ್ನ ತಕರಾರು ಅದರ ಬಗ್ಗೆ.