ಬಣ್ಣ ನುಂಗುವ ಎಣ್ಣೆ, ಒಲ್ಲೆನ್ನುವ ಎಣ್ಣೆ

ಬ್ರೋಮಿನ್ ನೀರಿನ ಬಣ್ಣಕ್ಕೆ ನಾನು ಎಂದೋ ಮರುಳಾದವನು. ಅತ್ತ ಕಿತ್ತಳೆಯಲ್ಲ, ಇತ್ತ ಕಂದಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಬರುವ ಹೊತ್ತಿನ ಹೊಂಬಣ್ಣ. ಅದಕ್ಕೆ ಒಂದಿಷ್ಟು ಹುಚ್ಚೆಳ್ಳೆಣ್ಣೆ ಬಿಟ್ಟು, ಪ್ರನಾಳದ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ಬಣ್ಣ ತೆಳುವಾಗುತ್ತದೆ, ಮತ್ತೂ ತೆಳುವಾಗುತ್ತದೆ, ನೋಡನೋಡುತ್ತಲೇ ಇಲ್ಲವಾಗುತ್ತದೆ.

ಕಾರಣ ಇಷ್ಟೆ: ಆಲ್ಕೀನ್ ಎಂಬ ಹೈಡ್ರೋಕಾರ್ಬನ್‌ಗಳಲ್ಲಿ ಎರಡು ಕಾರ್ಬನ್‌ಗಳ ನಡುವೆ ಇರುವ ದ್ವಿಬಂಧವೇ ಈ ಎಣ್ಣೆಯ ಕಾರ್ಬನ್ ಸರಪಳಿಯಲ್ಲೂ ಇದೆ. ಅಲ್ಲಿನ ಎಲೆಕ್ಟ್ರಾನುಗಳು ಸಡಿಲ, ಧಾರಾಳ. ಹತ್ತಿರ ಬಂದ ಬ್ರೋಮಿನ್ ಅಣು ಆ ಧಾರಾಳಕ್ಕೆ ಸಿಕ್ಕಿ ಎರಡಾಗುತ್ತದೆ. ಒಂದು ಪರಮಾಣು ದ್ವಿಬಂಧದ ಎರಡೂ ಕಾರ್ಬನ್‌ಗಳ ಮೇಲೆ ಒಟ್ಟಿಗೆ ಕೂತು ಪುಟ್ಟ ತ್ರಿಕೋನವಾಗುತ್ತದೆ. ಆ ಬದಿಯ ದಾರಿ ಮುಚ್ಚಿತು. ಇನ್ನೊಂದು ಹಿಂಬದಿಯಿಂದಲೇ ಬರಬೇಕು. ಬರುತ್ತದೆ, ಎದುರು ಮಗ್ಗುಲಲ್ಲಿ ಕೂರುತ್ತದೆ. ಯಾವುದನ್ನೂ ಹೊರದಬ್ಬದೆ ಬಂದವರಿಗೆಲ್ಲ ಜಾಗ ಕೊಡುವ ಈ ಸಂಕಲನ ಕ್ರಿಯೆಯಷ್ಟು ಅಚ್ಚುಕಟ್ಟಾದ ಕೆಲಸ ಸಾವಯವ ರಸಾಯನಶಾಸ್ತ್ರದಲ್ಲಿ ಕಡಿಮೆ. ಬ್ರೋಮಿನ್ ಬದಲು ನಿಕಲ್ ಜೊತೆಗೆ ಹೈಡ್ರೋಜನ್ ಕೊಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ. ಆ ನಿಕಲ್ ವಿದ್ಯೆಗಾಗಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಸಬಾಟಿಯೆಗೆ 1912ರ ನೊಬೆಲ್ ಬಂತು, ನಮಗೆ ಡಾಲ್ಡಾ ಬಂತು. ಡಾಲ್ಡಾದ ರುಚಿ ಹೊಗಳುವುದು ನನ್ನ ಕೈಲಾಗದು.

ಈಗ ತಿಪಟೂರಿನ ಕೊಬ್ಬರಿ ಎಣ್ಣೆ ತನ್ನಿ. ಬ್ರೋಮಿನ್ನಿನ ಬಣ್ಣ ನುಂಗಲು ಅದು ಅಷ್ಟಾಗಿ ಒಲ್ಲದು. ಎಷ್ಟು ಒಲ್ಲದು ಎಂಬುದನ್ನು ಅಳೆಯಬಹುದು. ಎಣ್ಣೆಯ ದ್ವಿಬಂಧಗಳನ್ನು ಅಳೆಯುವುದು ಅಯೋಡಿನ್ ಮೌಲ್ಯದಿಂದ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂಬ ಲೆಕ್ಕ. ಬೇಕಾದ್ದಕ್ಕಿಂತ ಹೆಚ್ಚೇ ಹಾಕಿ, ಕತ್ತಲಲ್ಲಿಟ್ಟು, ಮಿಕ್ಕಿದ್ದನ್ನು ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣದಿಂದ ಅಳೆಯುತ್ತಾರೆ. ಪಿಷ್ಟ ಸೇರಿದೊಡನೆ ಕಡುನೀಲಿ. ಬ್ಯುರೆಟ್ಟಿನಿಂದ ಹನಿ, ಹನಿ, ಇನ್ನೊಂದು ಹನಿ. ಆ ಕೊನೆಯ ಹನಿಗೆ ನೀಲಿಯೆಲ್ಲ ಒಮ್ಮೆಗೇ ಹೋಗುತ್ತದೆ. ಹುಚ್ಚೆಳ್ಳೆಣ್ಣೆಯ ಅಂಕಿ ನೂರು ದಾಟುತ್ತದೆ. ಕೊಬ್ಬರಿ ಎಣ್ಣೆಯದು ಬರೀ 7ರಿಂದ 10! ಅದರಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ: 12 ಕಾರ್ಬನ್‌ಗಳ ನೀಟಾದ ಸರಪಳಿ, ಒಂದೂ ದ್ವಿಬಂಧವಿಲ್ಲ. ಒಟ್ಟಾರೆ ಹತ್ತರಲ್ಲಿ ಒಂಬತ್ತು ಪಾಲು ಹೀಗೆ ದ್ವಿಬಂಧವಿಲ್ಲದ, ಅಂದರೆ ಪರ್ಯಾಪ್ತ, ಆಮ್ಲಗಳೇ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದೂ ಇದರಿಂದಲೇ.

ಗಾಳಿಯ ಆಕ್ಸಿಜನ್ ಎಣ್ಣೆಯನ್ನು ಕೆಡಿಸಲು ಶುರುಮಾಡುವುದು ದ್ವಿಬಂಧದ ಪಕ್ಕದ ಕಾರ್ಬನ್‌ನಿಂದ. ಕೊಬ್ಬರಿಯಲ್ಲಿ ಅದಕ್ಕೆ ಹಿಡಿತ ಸಿಗುವುದು ಕಷ್ಟ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳ ಅಟ್ಟದಲ್ಲಿ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಕೂತ ಕಾಯಿ, ಒಳನೀರು ಇಂಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಒಡೆದು ಬಾಯಿಗೆ ಹಾಕಿ: ಮೊದಲು ಕಟುಂ ಎನ್ನುತ್ತದೆ, ಆಮೇಲೆ ಜಿಡ್ಡು, ಆಮೇಲೆ ನಿಧಾನಕ್ಕೆ ಸಿಹಿ. ಅದು ಕಮಟಾಗದೆ ಉಳಿಯಲು ಚಿಪ್ಪಿನ ಕಾವಲು, ಒಣಗಿಸುವವರ ತಾಳ್ಮೆ ಎರಡೂ ಬೇಕು, ನಿಜ. ಆದರೆ ನನ್ನ ಮಟ್ಟಿಗೆ ತಿಪಟೂರು ಕೊಬ್ಬರಿಯ ದೊಡ್ಡ ಹೆಚ್ಚುಗಾರಿಕೆ ಆ ಪುಟ್ಟ ಅಯೋಡಿನ್ ಅಂಕಿಯೇ.