ಸೌಮ್ಯತೆ ಯಾರ ಪಾಲಿನ ಕೆಲಸ?

ಬಳ್ಳಾರಿಯಲ್ಲಿ ಮೆತ್ತಗೆ ಮಾತಾಡುವವರನ್ನು ಜನ ಮೊದಲು ಅನುಮಾನದಿಂದಲೇ ನೋಡುತ್ತಾರೆ. ಸಾಲ ಕೇಳಲು ಬಂದಿರಬೇಕು, ಇಲ್ಲವೇ ವೋಟು. ಬಿಸಿಲಿಗೆ ಕಾದ ಈ ಸೀಮೆಯ ಕನ್ನಡಕ್ಕೆ ದನಿ ದೊಡ್ಡದು. ಕೌಲ್ ಬಜಾರಿನ ಓಣಿಯೊಳಗೆ ಅಕ್ಕನೊಬ್ಬಳು "ಏ ಯಪ್ಪಾ, ಉಂಡು ಹೋಗಲೇ" ಎಂದು ಕರೆದರೆ ಹೊರಗಿನವರಿಗೆ ಜಗಳ ಶುರುವಾದಂತೆ ಕೇಳಿಸುತ್ತದೆ. ಇಂಥ ಊರಿನ ಚರ್ಚುಗಳಲ್ಲಿ ಸೌಮ್ಯತೆಯ ಮೇಲೆ ಪ್ರಸಂಗಕ್ಕೇನೂ ಬರವಿಲ್ಲ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಎಲ್ಲರೂ ದನಿ ತಗ್ಗಿಸಿ "ಸ್ತೋತ್ರ ಬ್ರದರ್" ಎಂದು ಕೈಮುಗಿಯುತ್ತಾರೆ. ದನಿ ತಗ್ಗಿದ್ದನ್ನೇ ಗುಣ ಬಂದದ್ದು ಎಂದು ತಿಳಿಯುವಲ್ಲಿಂದ ತೊಡಕು ಶುರುವಾಗುತ್ತದೆ. ಆ ಅಕ್ಕನ ಕೂಗಿನಲ್ಲಿ ಅನ್ನವಿದೆ. ಗೇಟಿನ ಬಳಿಯ ಪಿಸುಮಾತಿನಲ್ಲಿ ಏನಿದೆಯೆಂಬುದು ಸೋಮವಾರವೇ ಗೊತ್ತಾಗಬೇಕು.

ಬೈಬಲ್ ಯಾರನ್ನು ಸೌಮ್ಯರೆಂದು ಕರೆದಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಆ ಮಾತು ಬರುವುದು ಮೋಶೆಯ ಬಗ್ಗೆ. ಫರೋಹನ ಅರಮನೆಗೆ ನುಗ್ಗಿ ನನ್ನ ಜನರನ್ನು ಬಿಡು ಎಂದು ಹಟ ಹಿಡಿದವನು ಅವನು. ಮತ್ತಾಯನ ಸುವಾರ್ತೆಯಲ್ಲಿ ಯೇಸು ತನ್ನನ್ನೇ ಸೌಮ್ಯನೆಂದು ಹೇಳಿಕೊಳ್ಳುತ್ತಾನೆ. ಅದೇ ಸುವಾರ್ತೆಯಲ್ಲಿ ದೇವಾಲಯದೊಳಗಿನ ಚಿನಿವಾರರ ಮೇಜುಗಳನ್ನೂ ಕೆಡವುತ್ತಾನೆ. ಗಲಾತ್ಯರಿಗೆ ಬರೆಯುವಾಗ ಪೌಲ ಸೌಮ್ಯತೆಯನ್ನು ಆತ್ಮದ ಫಲಗಳ ಸಾಲಿಗೆ ಸೇರಿಸಿ, ಮುಂದಿನ ಅಧ್ಯಾಯದಲ್ಲೇ ಅದನ್ನು ಬಳಸಬೇಕಾದ ಜಾಗ ತೋರಿಸುತ್ತಾನೆ: ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವರನ್ನು ಸರಿದಾರಿಗೆ ತರುವಾಗ. ಅಂದರೆ ಈ ಗುಣವನ್ನು ಕೇಳಿರುವುದು ಕೈ ಮೇಲಾದವರಿಂದ, ತಿದ್ದುವ ಅಧಿಕಾರ ಉಳ್ಳವರಿಂದ. ನಮ್ಮ ಸಭೆಗಳಲ್ಲಿ ಇದು ತಲೆಕೆಳಗಾಗಿದೆ. ತಗ್ಗಿ ನಡೆ ಎಂಬ ಉಪದೇಶ ಹೋಗುವುದು ಸೊಸೆಗೆ, ಕೂಲಿಯವನಿಗೆ, ಹೊಸದಾಗಿ ಸಭೆಗೆ ಸೇರಿದ ಕೇರಿಯ ಹುಡುಗನಿಗೆ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡ ಹೆಂಗಸಿಗೆ "ಸೈರಿಸವ್ವಾ, ಪ್ರಾರ್ಥನೆ ಮಾಡು" ಎನ್ನುವ ಹಿರಿಯರು, ಆ ಗಂಡನ ಮನೆಗೆ ಹೋಗಿ ಸೌಮ್ಯತೆಯ ಪಾಠ ಒಪ್ಪಿಸುವುದು ಅಪರೂಪ. ಇದಕ್ಕೆ ಸೌಮ್ಯತೆಯ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಬಲ ಇಲ್ಲದವರ ಬಾಯಿ ಕಟ್ಟುವ ಉಪಾಯ ಇದು.

ಈ ಊರಿನ ಕ್ರೈಸ್ತ ಚರಿತ್ರೆಯಲ್ಲಿಯೇ ಎರಡು ದಾರಿಗಳ ಗುರುತಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ವಿಲಿಯಂ ರೀವ್ 1816ರಲ್ಲಿ ಜೊತೆಯಾದರು. ಇಡೀ ಬೈಬಲ್ ಕನ್ನಡಕ್ಕೆ ಬರಲು 1831ರವರೆಗೆ, ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದರು. ನಿಘಂಟು ಮಾಡುವವನು ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು. ಈ ನೆಲದ ಪಂಡಿತನ ಮುಂದೆ, ಸಂತೆಗೆ ಬಂದ ರೈತನ ಮುಂದೆ ವಿದ್ಯಾರ್ಥಿಯಾಗಿ ಕೂರದೆ ಆ ಕೆಲಸ ಮುಗಿಯುವುದಿಲ್ಲ. ಆಳುವವರ ಬಣ್ಣದವನೊಬ್ಬ ಆ ಕಾಲದಲ್ಲಿ ಹಾಗೆ ಕೂತನೆಂದರೆ ಅದು ಸೌಮ್ಯತೆಯ ದೊಡ್ಡ ಕೆಲಸವೇ. ಆದರೆ ಇದೇ ಮಿಷನ್ನಿನವರು ಹಂಪಿಯ ಜಾತ್ರೆಗೂ ಹೋಗಿ ತೇರಿನ ಜನಜಂಗುಳಿಯ ನಡುವೆ ನಿಂತು ಕರಪತ್ರ ಹಂಚಿದರು, ಉಪದೇಶ ಮಾಡಿದರು. ಹಬ್ಬಕ್ಕೆಂದು ಗಾಡಿ ಕಟ್ಟಿಕೊಂಡು ಬಂದವನಿಗೆ ನಿನ್ನ ಹಬ್ಬವೇ ಸುಳ್ಳು ಎಂದು ಅಲ್ಲೇ ಹೇಳುವುದು ಧೈರ್ಯವಾದೀತು, ಸೌಮ್ಯತೆಯಾಗಲಾರದು. ನನ್ನ ಲೆಕ್ಕದಲ್ಲಿ ಬಳ್ಳಾರಿಯಲ್ಲಿ ಬೇರು ಬಿಟ್ಟದ್ದು ಕರಪತ್ರವಲ್ಲ. ಇದೇ ಮಿಷನ್ನಿನಿಂದ 1846ರಲ್ಲಿ ಶುರುವಾಗಿ ಎಲ್ಲ ಜಾತಿ ಮತದ ಮಕ್ಕಳಿಗೆ ಪಾಠ ಹೇಳಿದ ವಾರ್ಡ್ಲಾ ಶಾಲೆಯ ಹೆಸರು ಊರಿನ ಬಾಯಲ್ಲಿ ಉಳಿದಿದೆ. ಜಾತ್ರೆಯ ಉಪದೇಶದ ಒಂದು ಮಾತೂ ಉಳಿದಿಲ್ಲ.

ಕರಪತ್ರದ ಚಾಳಿ ಮಾತ್ರ ಪೂರ್ತಿ ಹೋಗಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲೂ ರಾಜ್ಯದ ಬೇರೆ ಕಡೆಗಳಲ್ಲೂ ಚರ್ಚುಗಳ ಮೇಲೆ ದಾಳಿಯಾದಾಗ, ಹಿಂದೂ ದೇವರುಗಳನ್ನು ಹೀನಾಯವಾಗಿ ಬರೆದ ಪುಸ್ತಕವಿದೆ ಎಂಬ ನೆಪವನ್ನು ಮುಂದೆ ಮಾಡಲಾಯಿತು. ಆರಾಧನೆಗೆ ಕೂತವರ ಮೇಲೆ ಕಲ್ಲು, ದೊಣ್ಣೆ ಎತ್ತಿದ್ದಕ್ಕೆ ಯಾವ ಪುಸ್ತಕವೂ ಸಬೂಬಾಗುವುದಿಲ್ಲ. ಈ ಮಾತಿನಲ್ಲಿ ರಾಜಿಯಿಲ್ಲ. ಆದರೂ ಪೆಟ್ಟು ತಿಂದವರ ನಡುವೆ ಕೂತು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಬೇರೆಯಿದೆ: ನಮ್ಮ ನಂಬಿಕೆಯ ಬಗ್ಗೆ ಕೇಳಿದವರಿಗೆ ಸೌಮ್ಯತೆಯಿಂದ, ಮರ್ಯಾದೆಯಿಂದ ಉತ್ತರ ಕೊಡಿ ಎಂದು ಪೇತ್ರನ ಪತ್ರ ಹೇಳಿರುವಾಗ, ಪಕ್ಕದ ಮನೆಯ ದೇವರ ಬಗ್ಗೆ ಮೈಕಿನಲ್ಲಿ ಹಗುರವಾಗಿ ಆಡುವುದು ಯಾರ ಅಪ್ಪಣೆಯಿಂದ?

ಬಳ್ಳಾರಿ ಹತ್ತಿರದ ಕುರುಗೋಡಿನಲ್ಲಿ, ಪಕ್ಕದ ಮನೆಯ ದೇವರ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ವರ್ಷವರ್ಷ ತಟ್ಟೆಯಲ್ಲಿ ಬಂದು ಕೂರುತ್ತದೆ. ದೊಡ್ಡಬಸವೇಶ್ವರನ ತೇರು ಹೋಳಿ ಹುಣ್ಣಿಮೆಯ ಹೊತ್ತಿಗೆ. ಕ್ರೈಸ್ತರ ತಪಸ್ಸುಕಾಲವೂ ಆಗಲೇ. ಒಂದು ಕಡೆ ಉಪವಾಸ, ಇನ್ನೊಂದು ಕಡೆ ಜಾತ್ರೆ. ತೇರು ಎಳೆದ ಮೇಲೆ ಪಕ್ಕದ ಮನೆಯ ಹುಡುಗಿ ಪ್ರಸಾದದ ಕೊಬ್ಬರಿ, ಬಾಳೆಹಣ್ಣು, ಹೋಳಿಗೆ ಹಿಡಿದು ಬಾಗಿಲಿಗೆ ಬರುತ್ತಾಳೆ. ಕೆಲವರು "ನಮಗ ನಡಿಯಂಗಿಲ್ಲ" ಎಂದು ಬಾಗಿಲಲ್ಲೇ ಮುಗಿಸುತ್ತಾರೆ. ಕೆಲವರು ನಗುನಗುತ್ತಾ ಇಸಕೊಂಡು ಹಿತ್ತಲಿನ ಎಮ್ಮೆಗೆ ಹಾಕುತ್ತಾರೆ. ಎರಡನೆಯವರೇ ಸೌಮ್ಯರು ಎಂದು ಸಭೆಯಲ್ಲಿ ಹೆಸರು ಬರುತ್ತದೆ. ನನಗೆ ಮೊದಲಿನವರೇ ವಾಸಿ ಎನಿಸುತ್ತದೆ. ಅವರ ಮಾತು ಒರಟು, ಆದರೆ ಹುಡುಗಿಗೆ ಮೋಸವಾಗಿಲ್ಲ.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಮೂರು ಅಧ್ಯಾಯಗಳ ಉದ್ದಕ್ಕೂ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಮಾತು ಹಿಂದೆ ಮುಂದೆ ಸುಳಿಯುತ್ತದೆ. ಗುಡಿಯ ಪಂಕ್ತಿಯಲ್ಲಿ ಕೂರಬೇಡಿ ಎನ್ನುತ್ತಾನೆ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ ಎಂದೂ ಎನ್ನುತ್ತಾನೆ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಿನ ಸಲುವಾಗಿ ಬಿಡಿ ಎನ್ನುತ್ತಾನೆ. ಕಾನೂನು ಹುಡುಕುವವರಿಗೆ ಇದು ಗೊಂದಲ. ಎದುರಿಗಿನ ಮನುಷ್ಯನನ್ನು ನೋಡುವವರಿಗೆ ಇದರಲ್ಲಿ ಗೊಂದಲವಿಲ್ಲ, ಯಾಕೆಂದರೆ ಪ್ರತಿ ತಿರುವಿನಲ್ಲೂ ಅವನು ನೋಡುವುದು ಪಕ್ಕದವರ ಮನಸ್ಸನ್ನು. ತಿನ್ನುವವರು ಸಂಕೋಚವಿಲ್ಲದೆ ತಿನ್ನಲಿ. ತಿನ್ನದವರಿಗೆ ದಾರಿ ಇಲ್ಲವೆಂದಲ್ಲ: "ಯವ್ವಾ, ನಾವು ಇದನ್ನ ತಿನ್ನಂಗಿಲ್ಲ, ಮನಸಿಗೆ ಹಚ್ಚಿಕೋಬ್ಯಾಡ. ಒಳಗ ಬಾ, ಮಜ್ಜಿಗಿ ಕುಡದು ಹೋಗು." ಇಷ್ಟು ಹೇಳಲು ದೇವಶಾಸ್ತ್ರದ ಪದವಿ ಬೇಡ. ಮೃದುವಚನವನ್ನು ಜಪತಪಗಳ ಸಾಲಿಗೆ ಏರಿಸಿದ ಬಸವಣ್ಣನನ್ನು ನೆನೆಯುವ ಓಣಿಯಲ್ಲಿ ಬದುಕುವ ಕ್ರೈಸ್ತರು, ಸೌಮ್ಯತೆ ನಮ್ಮದೊಂದೇ ಸೊತ್ತು ಎಂದುಕೊಂಡರೆ ನಗೆಪಾಟಲಾಗುತ್ತದೆ.

ಈ ಗುಣ ಕೈಗೆಲಸವಾಗಿ ಪಳಗಿದ್ದನ್ನು ನೋಡಬೇಕಾದರೆ ಆಸ್ಪತ್ರೆಯ ರಾತ್ರಿ ಪಾಳಿಗೆ ಹೋಗಬೇಕು. ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬಂದು ತುಂಬುವ ಬಳ್ಳಾರಿಯ ದೊಡ್ಡ ಆಸ್ಪತ್ರೆಯಂಥ ಕಡೆ, ಸುಟ್ಟಗಾಯದ ಬ್ಯಾಂಡೇಜು ಬಿಚ್ಚುವ ಸಿಸ್ಟರ್ ಯಾವ ಧರ್ಮದವರೇ ಆಗಲಿ, ಮೊದಲು ನೀರು ಹಾಕಿ ಬಟ್ಟೆ ನೆನೆಸುತ್ತಾರೆ, ಆಮೇಲೆ ಎಳೆಯುತ್ತಾರೆ. ಬಾಯಲ್ಲಿ ರೋಗಿಯ ಕಡೆಯವರಿಗೆ ಬೈಗುಳ ನಡೆದೇ ಇರುತ್ತದೆ: "ಗಾಳಿ ಬಿಡ್ರೀ, ಹೊರಗ ನಡೀರಿ!" ನಾಲಿಗೆ ಗಡುಸು, ಬೆರಳು ಮೃದು. ನೋವಾಗುವ ಜಾಗ ಯಾವುದೆಂದು ಗೊತ್ತಿರುವವರ ಸೌಮ್ಯತೆ ಅದು. ತಪ್ಪು ಮಾಡಿದ ಹುಡುಗಿಯ ಹೆಸರನ್ನು ಪುಲ್ಪಿಟ್ಟಿನಿಂದ ಓದಿ ಕರ್ತನ ಭೋಜನದಿಂದ ದೂರವಿಡುವ ಸಭೆಗಳು ಈ ವಾರ್ಡಿನಿಂದ ಕಲಿಯುವುದು ಬಹಳವಿದೆ.

ಇದೇ ಜಿಲ್ಲೆಯ ಸಿರುಗುಪ್ಪದ ಕಡೆ ಹೋದರೆ ಸೌಮ್ಯತೆಯ ಪರೀಕ್ಷೆ ಇನ್ನೂ ಸರಳ, ಇನ್ನೂ ಕಠಿಣ. ತುಂಗಭದ್ರೆಯ ಕಾಲುವೆ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ, ಅಣೆಕಟ್ಟಿನ ನಂತರ ಆಂಧ್ರದಿಂದ ಬಂದು ನೆಲೆನಿಂತವರ ಕ್ಯಾಂಪುಗಳು. ತೆಲುಗು, ಕನ್ನಡ ಎರಡರಲ್ಲೂ ಹಾಡುವ ಸಭೆಗಳಲ್ಲಿ ಗದ್ದೆಯ ಒಡೆಯನೂ ನಾಟಿ ಹಚ್ಚುವ ಹೆಣ್ಣಾಳೂ ಒಂದೇ ಚಾಪೆಯ ಮೇಲೆ ಕೂರಬಹುದು. ಚಾಪೆಯ ಮೇಲೆ ಇಬ್ಬರೂ ಅಕ್ಕ, ಅಣ್ಣ. ಬದುವಿನ ಮೇಲೆ ಏನಾಗುತ್ತದೆ? ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಜವಾಬ್ದಾರಿ ತೊಳೆದುಕೊಳ್ಳುವ ಒಡೆಯ ಒಂದು ಗಡುಸು ಮಾತೂ ಆಡಬೇಕಾಗಿಲ್ಲ, ಅವನ ಪರವಾಗಿ ಮೇಸ್ತ್ರಿ ಆಡುತ್ತಾನೆ. ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲೂ ಪೀಸಿನ ಲೆಕ್ಕದ ಕೂಲಿಗೆ ಇದೇ ಏರ್ಪಾಡು. ಯಾಕೋಬನ ಪತ್ರ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ. ಒಡೆಯ ಮೆತ್ತಗಿದ್ದಷ್ಟೂ ಆ ಕೂಗು ಜೋರು.

ಸುಗ್ಗಿ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕಾಣಿಕೆಗೆ ಬಂದ ಕುಂಬಳಕಾಯಿ, ಕೋಳಿ, ಭತ್ತದ ಚೀಲಗಳ ಹರಾಜು ನಡೆಯುತ್ತದೆ. ಐವತ್ತು ರೂಪಾಯಿಯ ಕಾಯಿಗೆ ಸಾವಿರ ಕೂಗಿದವರಿಗೆ ಚಪ್ಪಾಳೆ ಬೀಳುತ್ತದೆ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗು ಎಂಬ ಮಾತು ಬೆಟ್ಟದ ಪ್ರಸಂಗದಲ್ಲಿದೆ. ಅದರಂತೆ, ಆ ವರ್ಷದ ಕೂಲಿ ಬಾಕಿ ತೀರಿಸಿದವರಷ್ಟೇ ಹರಾಜು ಕೂಗಬಹುದೆಂದು ಸಭೆಯ ಕಮಿಟಿ ಒಂದು ಸಲ ನಿಯಮ ಮಾಡಿ ನೋಡಲಿ. ಕುಂಬಳಕಾಯಿ ಐವತ್ತಕ್ಕೇ ಹೋದರೂ ಹೋದೀತು.